ಕೇಳದೆ ಕೂತರೆ ಕೈತಪ್ಪುವ ಹಕ್ಕುಗಳು: ಕ್ರಿಮಿನಲ್ ಕೇಸಿನಲ್ಲಿ ಮನೆಯವರು ತಿಳಿದಿರಬೇಕಾದದ್ದು

2021ರ ಡಿಸೆಂಬರ್ 1ರಂದು ಬಾಂಬೆ ಹೈಕೋರ್ಟ್ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಒಂದು ಆದೇಶ ಕೊಟ್ಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ವಿಚಾರಣಾಧೀನ ಕೈದಿಯಾಗಿದ್ದ ವಕೀಲೆ ಸುಧಾ ಭಾರದ್ವಾಜ್ ಅವರಿಗೆ ಜಾಮೀನು ಸಿಕ್ಕಿತು. ಅದೇ ಆದೇಶದಲ್ಲಿ ಅದೇ ಪ್ರಕರಣದ ಇನ್ನೂ 8 ಮಂದಿಯ ಮನವಿ ತಿರಸ್ಕೃತವಾಯಿತು. ಸುಧಾ ಅವರು ನಿರಪರಾಧಿ, ಉಳಿದವರು ಅಪರಾಧಿಗಳು ಎಂದು ಕೋರ್ಟ್ ಹೇಳಲಿಲ್ಲ. ಸಾಕ್ಷ್ಯದ ತಂಟೆಗೇ ಅದು ಹೋಗಲಿಲ್ಲ. ಚಾರ್ಜ್‌ಶೀಟ್ ಸಲ್ಲಿಸಲು ಹೆಚ್ಚುವರಿ ಸಮಯ ಕೊಟ್ಟಿದ್ದ ಪುಣೆಯ ನ್ಯಾಯಾಲಯಕ್ಕೆ ಆ ಅಧಿಕಾರವೇ ಇರಲಿಲ್ಲ, ಹಾಗಾಗಿ ಅವಧಿ ಮೀರಿದೆ ಎಂಬುದು ಸುಧಾ ಅವರ ವಾದ. ಚಾರ್ಜ್‌ಶೀಟ್ ಬರುವ ಮೊದಲೇ ಅವರ ಜಾಮೀನು ಅರ್ಜಿ ಕೋರ್ಟಿನ ಫೈಲಿನಲ್ಲಿತ್ತು. ಉಳಿದವರು ಆ ಸಮಯದೊಳಗೆ ಅಂಥ ಅರ್ಜಿ ಹಾಕಿರಲಿಲ್ಲ ಎಂದು ಹೈಕೋರ್ಟ್ ಹೇಳಿತು. ಅವರಲ್ಲಿ ಮೂವರು, "ನಾವೂ ಅರ್ಜಿ ಹಾಕಿದ್ದೆವು, ಕೋರ್ಟ್ ದಾಖಲೆಯನ್ನು ಸರಿಯಾಗಿ ನೋಡಿಲ್ಲ" ಎಂದು ಮತ್ತೆ ಹೈಕೋರ್ಟಿಗೆ ಹೋದರು. 2022ರಲ್ಲಿ ಅದೂ ಬಿದ್ದುಹೋಯಿತು.

ಒಂದು ಕಾಗದ, ಅದರ ಮೇಲಿನ ಒಂದು ತಾರೀಕು. ಒಳಗಿರುವವನಿಗೂ ಹೊರಗೆ ಬಂದವನಿಗೂ ನಡುವೆ ಕೆಲವೊಮ್ಮೆ ಅಷ್ಟೇ ವ್ಯತ್ಯಾಸ.

ನಮ್ಮ ಮನೆಗಳಲ್ಲಿ ಹುಡುಗನೊಬ್ಬ ಕೇಸಿನಲ್ಲಿ ಸಿಕ್ಕಿಬಿದ್ದಾಗ ಕೇಳುವ ಮಾತು ಒಂದೇ: "ಈಗ ಸುಮ್ನಿರಿ, ಮುಂದೆ ಹೈಕೋರ್ಟಲ್ಲಿ ನೋಡಿಕೊಳ್ಳೋಣ." ಜಮಾಅತಿನ ಹಿರಿಯರೂ ಹೇಳುತ್ತಾರೆ, ಠಾಣೆಯ ಹೊರಗೆ ನಿಂತ ಪರಿಚಯದವರೂ ಹೇಳುತ್ತಾರೆ. ಈ ಮಾತು ಎಲ್ಲಿ ಸರಿ, ಎಲ್ಲಿ ಅಪಾಯ ಎಂಬುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ಕಾನೂನಿನಲ್ಲಿ ಎರಡು ಜಾತಿಯ ಹಕ್ಕುಗಳಿವೆ. ಕೆಲವು ನಾವು ಸುಮ್ಮನಿದ್ದರೂ ಉಳಿಯುತ್ತವೆ. ಕೆಲವು ಆ ಹೊತ್ತಿಗೆ ಬಾಯಿಬಿಟ್ಟು ಕೇಳದಿದ್ದರೆ ಹೋಗಿಬಿಡುತ್ತವೆ, ಆಮೇಲೆ ಎಷ್ಟು ದೊಡ್ಡ ವಕೀಲರನ್ನು ಇಟ್ಟರೂ ಮೇಲ್ಮನವಿಯಲ್ಲಿ ವಾಪಸ್ ಬರುವುದಿಲ್ಲ. ಗೊತ್ತಿದ್ದೂ ಹಕ್ಕನ್ನು ಬಿಟ್ಟುಕೊಡುವುದಕ್ಕೆ ವಕೀಲರು 'ವೇವರ್' ಅನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಕೇಳದೆ ಕಳೆದುಕೊಳ್ಳುವುದು 'ಡಿಫಾಲ್ಟ್'.

ಈ ವಿಚಾರದಲ್ಲಿ ಅಮೆರಿಕದ ಕಾನೂನು ಬಹಳ ಕಠಿಣ. ವರ್ಜೀನಿಯಾ ರಾಜ್ಯದಲ್ಲಿ ಕೊಲೆ ಕೇಸಿನಲ್ಲಿ ಮರಣದಂಡನೆಗೆ ಗುರಿಯಾದ ರೋಜರ್ ಕೋಲ್‌ಮನ್ ಎಂಬವನ ವಕೀಲರು, ಶಿಕ್ಷೆಯ ನಂತರ ಹಾಕಿದ್ದ ಪರಿಹಾರ ಅರ್ಜಿ ತಿರಸ್ಕೃತವಾದ ಮೇಲೆ, ಮೇಲ್ಮನವಿಯ ನೋಟಿಸನ್ನು 30 ದಿನದೊಳಗೆ ಕೊಡಬೇಕಿತ್ತು. ಮೂರು ದಿನ ತಡವಾಯಿತು. ರಾಜ್ಯದ ಮೇಲಿನ ಕೋರ್ಟ್ ಅದನ್ನು ತೆಗೆದುಹಾಕಿತು. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ರಾಜ್ಯದ ನಿಯಮದಂತೆ ತಪ್ಪಿಹೋದದ್ದನ್ನು ಫೆಡರಲ್ ಕೋರ್ಟುಗಳು ಕೇಳಲಾಗದು, ವಕೀಲನ ತಪ್ಪನ್ನು ಕಕ್ಷಿದಾರನೇ ಹೊರಬೇಕು ಎಂದಿತು. 1992ರ ಮೇ ತಿಂಗಳಲ್ಲಿ ಅವನಿಗೆ ಮರಣದಂಡನೆ ಆಯಿತು. 2006ರ ಡಿಎನ್‌ಎ ಪರೀಕ್ಷೆ ಅವನ ವಿರುದ್ಧವೇ ಬಂತು ಅನ್ನುವುದೂ ನಿಜ. ಆದರೆ ಆ ಮೂರು ದಿನ ತಡವಾದಾಗ ಅದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ದೇಶದ ಕಾನೂನು ಅಷ್ಟು ಗಡುಸಲ್ಲ. ಆದರೆ ಪೂರ್ತಿ ಮೆತ್ತಗೂ ಇಲ್ಲ.

60, 90, 180: ದಿನ ಲೆಕ್ಕ ಹಾಕುವವರು ಯಾರು?

ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೆ ಕಾನೂನು ಗಡುವು ಕೊಟ್ಟಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 167(2)ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187(3). ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60 ದಿನ. ಯುಎಪಿಎ ಕೇಸಾದರೆ 90 ದಿನವನ್ನು 180ರವರೆಗೆ ಹಿಗ್ಗಿಸಬಹುದು. ಮಾದಕ ವಸ್ತು ಕಾಯ್ದೆಯಲ್ಲಿ ವಾಣಿಜ್ಯ ಪ್ರಮಾಣದ ಕೇಸಾದರೆ ಮೊದಲೇ 180 ದಿನ, ಅದನ್ನೂ ಒಂದು ವರ್ಷದವರೆಗೆ ವಿಸ್ತರಿಸಲು ಅವಕಾಶವಿದೆ. ಗಡುವು ಮುಗಿದರೂ ಚಾರ್ಜ್‌ಶೀಟ್ ಬಾರದಿದ್ದರೆ ಆರೋಪಿಗೆ ಜಾಮೀನು ಕೊಡಲೇಬೇಕು. ಕೇಸು ಎಷ್ಟು ಗಂಭೀರ ಎಂದು ನೋಡುವಂತಿಲ್ಲ. ಇದಕ್ಕೇ 'ಡಿಫಾಲ್ಟ್ ಜಾಮೀನು' ಅನ್ನುವುದು. ಇಲ್ಲಿ ಡಿಫಾಲ್ಟ್ ಮಾಡಿದ್ದು ಪೊಲೀಸರು. ಯುಎಪಿಎಯಂಥ ಕಾಯ್ದೆಯಲ್ಲಿ ಮಾಮೂಲಿ ಜಾಮೀನು ಸಿಗುವುದು ಎಷ್ಟು ಕಷ್ಟ ಎಂದು ಗೊತ್ತಿರುವವರಿಗೆ ಈ ಬಾಗಿಲಿನ ಬೆಲೆ ಹೇಳಬೇಕಿಲ್ಲ.

ಆದರೆ ಈ ಬಾಗಿಲು ತಾನಾಗಿ ತೆರೆಯುವುದಿಲ್ಲ. ನೂಕಬೇಕು. 1994ರ ಸಂಜಯ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದೇ ಇದು: ಚಾರ್ಜ್‌ಶೀಟ್ ಬರುವ ಮೊದಲು ಹಕ್ಕನ್ನು ಬಳಸಿಕೊಂಡಿರಬೇಕು, ಬಂದ ಮೇಲೆ ಆ ಹಕ್ಕು ಉಳಿಯುವುದಿಲ್ಲ. ಗಡುವು ಮುಗಿದು ಎರಡು ದಿನ ಯಾರೂ ಗಮನಿಸಲಿಲ್ಲ, ಮೂರನೇ ದಿನ ಪೊಲೀಸರು ಚಾರ್ಜ್‌ಶೀಟ್ ತಂದು ಹಾಕಿದರು ಅಂತಿಟ್ಟುಕೊಳ್ಳಿ. ಮುಗಿಯಿತು. ಇದು ಸಂವಿಧಾನದ 21ನೇ ವಿಧಿಯ ಮೂಲಭೂತ ಹಕ್ಕು ಎಂದು 2020ರಲ್ಲಿ ಬಿಕ್ರಮ್‌ಜಿತ್ ಸಿಂಗ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿದೆ. ಮೂಲಭೂತ ಹಕ್ಕನ್ನು ಯಾರೂ ಬಿಟ್ಟುಕೊಡಲಾಗದು ಎಂದು 1959ರ ಬಶೇಶರ್ ನಾಥ್ ತೀರ್ಪಿನಿಂದಲೂ ಹೇಳಿಕೊಂಡು ಬರಲಾಗಿದೆ. ಬಿಟ್ಟುಕೊಡಲಾಗದ ಹಕ್ಕು ಕೇಳದಿದ್ದರೆ ಮಾಯವಾಗುವುದು ಹೇಗೆ ಎಂದು ಕೇಳಿದರೆ, ನನ್ನ ಮಟ್ಟಿಗೆ ಅದಕ್ಕೆ ತೃಪ್ತಿಕರ ಉತ್ತರ ಇಲ್ಲ. ಆದರೆ ಇವತ್ತಿನ ಕಾನೂನು ಇದು, ಅದರ ಪ್ರಕಾರವೇ ನಡೆಯಬೇಕು.

ಹಾಗಾಗಿ ಲೆಕ್ಕ ಮನೆಯವರದ್ದೇ. ಎಣಿಕೆ ಶುರುವಾಗುವುದು ಪೊಲೀಸರು ಹಿಡಿದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲ ಸಲ ರಿಮಾಂಡ್ ಮಾಡಿದ ದಿನದಿಂದ. ಆ ದಿನವನ್ನೂ ಸೇರಿಸಿ ಎಣಿಸಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಇತ್ಯರ್ಥ ಮಾಡಿದೆ. ಜನವರಿ 1ಕ್ಕೆ ರಿಮಾಂಡ್ ಆಯಿತೆಂದರೆ (ಅಧಿಕ ವರ್ಷ ಅಲ್ಲದಿದ್ದರೆ) ಮಾರ್ಚ್ 1ಕ್ಕೆ 60 ದಿನ ಮುಗಿಯಿತು. ಮಾರ್ಚ್ 2ರ ಬೆಳಗ್ಗೆ ಕೋರ್ಟ್ ಬಾಗಿಲು ತೆರೆಯುವಾಗ ವಕೀಲರು ಅರ್ಜಿ ಹಿಡಿದು ಅಲ್ಲಿರಬೇಕು. "ಇವತ್ತು ಬೇರೆ ಕೇಸಿದೆ, ನಾಳೆ ಹಾಕುವ" ಎಂಬ ಮಾತಿಗೆ ಆ ಒಂದು ದಿನ ಒಪ್ಪಬೇಡಿ.

ಬೆಳಗ್ಗೆಯೇ ಯಾಕೆ ಎಂದು ಕೇಳುವವರಿಗೆ ಚೆನ್ನೈಯ ಎಂ. ರವೀಂದ್ರನ್ ಪ್ರಕರಣ ಉತ್ತರ ಹೇಳುತ್ತದೆ. ಮಾದಕ ವಸ್ತು ಕೇಸು, 180 ದಿನ ಮುಗಿದಿತ್ತು. ಮರುದಿನ ಬೆಳಗ್ಗೆ 10.30ಕ್ಕೆ ಡಿಫಾಲ್ಟ್ ಜಾಮೀನಿಗೆ ಅರ್ಜಿ ಹಾಕಿದರು. ಸಂಜೆ 4.25ಕ್ಕೆ ತನಿಖಾ ಸಂಸ್ಥೆ ಹೆಚ್ಚುವರಿ ದೂರು ಸಲ್ಲಿಸಿ, ಇನ್ನು ಜಾಮೀನಿನ ಪ್ರಶ್ನೆಯೇ ಇಲ್ಲ ಅಂದಿತು. ವಿಚಾರಣಾ ನ್ಯಾಯಾಲಯ ಜಾಮೀನು ಕೊಟ್ಟಿತು, ಹೈಕೋರ್ಟ್ ರದ್ದು ಮಾಡಿತು, 2020ರಲ್ಲಿ ಸುಪ್ರೀಂ ಕೋರ್ಟ್ ಜಾಮೀನನ್ನು ಎತ್ತಿಹಿಡಿಯಿತು: ಅರ್ಜಿ ಮೊದಲು ಬಂದಿದೆ, ಆಮೇಲೆ ಏನು ಸಲ್ಲಿಸಿದರೂ ಹಕ್ಕು ಹೋಗದು. ಇಡೀ ತೀರ್ಪು ನಿಂತದ್ದು ಬೆಳಗ್ಗೆ ಮತ್ತು ಸಂಜೆಯ ನಡುವಿನ ಆ ಆರು ಗಂಟೆಯ ಮೇಲೆ.

ಇದರಲ್ಲಿ ಇನ್ನೊಂದು ಗುಂಡಿ ಇದೆ. ಜಾಮೀನು ಮಂಜೂರಾದ ಮೇಲೆ ಜಾಮೀನುದಾರರನ್ನು ನಿಲ್ಲಿಸಲು ತಡ ಮಾಡಿ, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದರೂ ಹಕ್ಕು ಹೋಗಬಹುದು. 2001ರ ಉದಯ್ ಆಚಾರ್ಯ ತೀರ್ಪು ಹಾಗೆ ಹೇಳುತ್ತದೆ. ಅರ್ಜಿ ಹಾಕುವ ಹಿಂದಿನ ದಿನವೇ ಜಾಮೀನು ನಿಲ್ಲುವವರನ್ನು ಗೊತ್ತುಮಾಡಿ, ಮಂಗಳೂರು ಕಡೆಯಾದರೆ ಪಹಣಿ, ಕಾಸರಗೋಡು ಕಡೆಯಾದರೆ ಭೂಕಂದಾಯದ ರಶೀದಿ, ಗುರುತಿನ ಚೀಟಿ ಎಲ್ಲ ಕೈಯಲ್ಲಿರಲಿ.

ಸಮಾಧಾನದ ಮಾತೂ ಇದೆ. ಅಸ್ಸಾಮಿನ ರಾಕೇಶ್ ಕುಮಾರ್ ಪಾಲ್ ಪ್ರಕರಣದಲ್ಲಿ ಲಿಖಿತ ಅರ್ಜಿಯೇ ಇರಲಿಲ್ಲ, ವಕೀಲರು ಬಾಯಿಮಾತಿನಲ್ಲಿ ಕೇಳಿದ್ದರು. ಅಷ್ಟು ಸಾಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿತು. ಹಕ್ಕು ಹುಟ್ಟಿದೆ ಎಂದು ಆರೋಪಿಗೆ ತಿಳಿಸುವುದು ಕೋರ್ಟಿನ ಕರ್ತವ್ಯ ಎಂದೂ ಹೇಳಿತು. ಗಡುವು ವಿಸ್ತರಣೆ ಕೇಳುವಾಗ ಆರೋಪಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ತಿಳಿಸಬೇಕು ಎಂಬ ಮಾತನ್ನು 2022ರ ಗುಜರಾತಿನ ಪ್ರಕರಣವೊಂದರಲ್ಲಿ ಮತ್ತೆ ಗಟ್ಟಿಮಾಡಲಾಗಿದೆ. ಇವೆಲ್ಲ ಇದ್ದರೂ, ಕೋರ್ಟ್ ಹೇಳುತ್ತದೆ ಎಂದು ಕಾದು ಕೂರುವುದಕ್ಕಿಂತ ನಾವೇ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಒಳ್ಳೆಯದು.

ಸುಮ್ಮನಿದ್ದರೂ ಹೋಗದ ಹಕ್ಕು

ಇನ್ನೊಂದು ತುದಿಯಲ್ಲಿರುವುದು ವಕೀಲರ ನೆರವು ಪಡೆಯುವ ಹಕ್ಕು. ಅರುಣಾಚಲ ಪ್ರದೇಶದಲ್ಲಿ ಸುಖ್ ದಾಸ್ ಎಂಬವರ ಮೇಲೆ ಬೆದರಿಕೆಯ ಕೇಸಿತ್ತು. ವಕೀಲರನ್ನು ಇಡಲು ದುಡ್ಡಿಲ್ಲ. ವಕೀಲರಿಲ್ಲದೆಯೇ ವಿಚಾರಣೆ ನಡೆದು ಎರಡು ವರ್ಷ ಶಿಕ್ಷೆ ಆಯಿತು. ಗುವಾಹಟಿ ಹೈಕೋರ್ಟಿನಲ್ಲಿ ಮೇಲ್ಮನವಿ ಹಾಕಿದಾಗ ಸಿಕ್ಕ ಉತ್ತರ: ಉಚಿತ ವಕೀಲರು ಬೇಕೆಂದು ನೀವು ಅರ್ಜಿಯನ್ನೇ ಹಾಕಿರಲಿಲ್ಲ, ಹಾಗಾಗಿ ವಿಚಾರಣೆ ಕೆಟ್ಟಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ಇಂಥ ಹಕ್ಕು ಇದೆ ಎಂದೇ ಗೊತ್ತಿಲ್ಲದ ಜನ ತಾವಾಗಿ ಅದನ್ನು ಕೇಳಬೇಕೆಂದರೆ ಕಾನೂನು ನೆರವು ಹೆಸರಿಗಷ್ಟೇ ಉಳಿಯುತ್ತದೆ, ತಿಳಿಸುವುದು ನ್ಯಾಯಾಧೀಶರ ಕೆಲಸ ಎಂಬುದು ನ್ಯಾಯಮೂರ್ತಿ ಭಗವತಿಯವರ ತೀರ್ಪಿನ ಸಾರ. ಶಿಕ್ಷೆ ರದ್ದಾಯಿತು.

ಆದರೆ ಇದನ್ನು ಎಳೆದು ಉದ್ದ ಮಾಡುವಂತಿಲ್ಲ. 2012ರ ಅಜ್ಮಲ್ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆದಿದೆ. ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಲೇ ವಕೀಲರ ಹಕ್ಕನ್ನು ತಿಳಿಸಬೇಕು. ವಿಚಾರಣೆಯ ಹಂತದಲ್ಲಿ ವಕೀಲರಿಲ್ಲದಿದ್ದರೆ ವಿಚಾರಣೆಯೇ ಕೆಡುತ್ತದೆ. ಅದಕ್ಕೂ ಮುಂಚಿನ ಹಂತದಲ್ಲಿ ಇಲ್ಲದಿದ್ದರೆ, ಅದರಿಂದ ನಿಜವಾಗಿ ತೊಂದರೆಯಾಗಿದೆ ಎಂದು ತೋರಿಸಬೇಕು.

ಹೆಸರಿಗೊಬ್ಬ ವಕೀಲರಿದ್ದರೆ ಸಾಕೇ? ಮಧ್ಯಪ್ರದೇಶದ ಖಂಡ್ವಾದ ಅನೋಖಿಲಾಲ್ ಪ್ರಕರಣದಲ್ಲಿ ಕಾನೂನು ನೆರವಿನ ವಕೀಲರನ್ನು ನೇಮಿಸಿದ ದಿನವೇ ಆರೋಪ ನಿಗದಿ ಮಾಡಿದರು. ಎರಡು ವಾರದೊಳಗೆ ವಿಚಾರಣೆ ಮುಗಿಸಿ ಮರಣದಂಡನೆ ಕೊಟ್ಟರು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ ಮೊದಲಿನಿಂದ ವಿಚಾರಣೆ ಮಾಡಲು ಹೇಳಿತು. ಕೇಸಿನ ಕಾಗದ ಓದಲು ಸಮಯ ಸಿಗದ ವಕೀಲ ಇದ್ದೂ ಇಲ್ಲದಂತೆ.

ಕಸ್ಟಡಿಯಲ್ಲಿರುವ ಯಾರಿಗೇ ಆದರೂ ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಹಾಗೆ ಹೇಳುತ್ತದೆ. ಮಹಿಳೆಯರಿಗೂ ಅಷ್ಟೇ. ಮಗನಿಗಾಗಿ ಚಿನ್ನ ಅಡವಿಡುವ ಮೊದಲು ಉಮ್ಮಂದಿರು ಇದನ್ನೊಮ್ಮೆ ಕೇಳಿ ನೋಡಲಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ. ಫೋನಿಗೆ 15100, ದುಡ್ಡು ಬೀಳುವುದಿಲ್ಲ.

ಓದಲು ಬಾರದ ಕಾಗದಕ್ಕೆ ಸಹಿ

ಗಡಿಯಲ್ಲಿರುವ ನಮಗೆ ಇನ್ನೊಂದು ಸಮಸ್ಯೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮಂಜೇಶ್ವರ ಅಥವಾ ಕುಂಬಳೆ ಠಾಣೆಯ ಕಾಗದ ಮಲಯಾಳದಲ್ಲಿ, ಕೇಂದ್ರದ ತನಿಖಾ ಸಂಸ್ಥೆಯ ಕಾಗದ ಇಂಗ್ಲಿಷಿನಲ್ಲಿ. ಮಾತಾಡಿದರೆ ಅರ್ಥವಾಗುವ ಮಲಯಾಳವನ್ನು ಓದಲು ಬಾರದವರು ನಮ್ಮಲ್ಲಿ ಎಷ್ಟೋ ಮಂದಿ. ಹೀಗಿರುವಾಗ "ಓದಿ ಹೇಳಲಾಗಿದೆ, ಅರ್ಥವಾಗಿದೆ" ಎಂಬ ಸಾಲಿನ ಕೆಳಗೆ ಸಹಿ ಬೀಳುತ್ತದೆ.

ಇಲ್ಲಿ 2023ರ ಒಂದು ತೀರ್ಪು ನೆನಪಿಡಬೇಕು. ಮಧ್ಯಪ್ರದೇಶದ ವ್ಯಾಪಂ ಹಗರಣದ ಆರೋಪಿಯೊಬ್ಬರು, ಸಿಬಿಐ ಇಂಗ್ಲಿಷಿನಲ್ಲಿ ಹಾಕಿದ ಚಾರ್ಜ್‌ಶೀಟ್ ಹಿಂದಿಯಲ್ಲಿ ಬೇಕು ಅಂದರು. ಬೇರೆ ಭಾಷೆಯಲ್ಲಿದೆ ಎಂಬ ಮಾತ್ರಕ್ಕೆ ಚಾರ್ಜ್‌ಶೀಟ್ ಅಕ್ರಮವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆರೋಪಿಗೂ ಅವರ ವಕೀಲರಿಗೂ ಆ ಭಾಷೆ ಬಾರದಿದ್ದರೆ ಅನುವಾದದ ಪ್ರಶ್ನೆ ಬರುತ್ತದೆ. ಆದರೆ ಆ ಆಕ್ಷೇಪವನ್ನು ಮೊದಲ ಅವಕಾಶದಲ್ಲೇ ಎತ್ತಬೇಕು. ಶಿಕ್ಷೆಯಾದ ಮೇಲೆ ಮೇಲ್ಮನವಿಯಲ್ಲಿ "ನನಗೆ ಚಾರ್ಜ್‌ಶೀಟ್ ಓದಲಿಕ್ಕೇ ಬರುತ್ತಿರಲಿಲ್ಲ" ಎಂದರೆ ಕೇಳುವವರು ಕಡಿಮೆ. ಕಾಗದದ ಪ್ರತಿ ಕೈಗೆ ಕೊಡುವ ದಿನವೇ, ಭಾಷೆ ಬಾರದು ಎಂಬುದನ್ನು ವಕೀಲರ ಮೂಲಕ ಬರಹದಲ್ಲಿ ಕೊಡಿ. ಸಹಿ ಹಾಕಲೇಬೇಕಾದಲ್ಲಿ, ಸಹಿಯ ಪಕ್ಕ ಕನ್ನಡದಲ್ಲೇ "ಈ ಭಾಷೆ ಓದಲು ಬಾರದು" ಎಂದು ಬರೆಯಿರಿ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಹಕ್ಕೂ ಇದೆ: ಸಾಕ್ಷಿ ಹೇಳುವುದು ಆರೋಪಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ ಅದನ್ನು ಅವನಿಗೆ ತಿಳಿಯುವ ಭಾಷೆಗೆ ಅನುವಾದಿಸಿ ಹೇಳಬೇಕು. ತೀರ್ಪಿನ ಪ್ರತಿಯನ್ನೂ, ಸಾಧ್ಯವಿದ್ದಲ್ಲಿ, ಅವನದೇ ಭಾಷೆಯಲ್ಲಿ ಕೇಳಬಹುದು. ಅದೂ ಕೇಳಿದರೆ ಮಾತ್ರ.

ಗಾಂಜಾ, ಎಂಡಿಎಂಎ ಕೇಸುಗಳಲ್ಲಿ ಈ ಸಹಿಯ ಪ್ರಶ್ನೆ ಇನ್ನೂ ಚುರುಕಾಗುತ್ತದೆ. ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಕೇಳುವ ಹಕ್ಕಿದೆ ಎಂದು ಅಧಿಕಾರಿ ತಿಳಿಸಲೇಬೇಕು. ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಂ ಇದು, 2010ರಲ್ಲಿ ಸಂವಿಧಾನ ಪೀಠ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಅಂದಿದೆ. ಬ್ಯಾಗು, ಗಾಡಿಯ ತಪಾಸಣೆಗೆ ಇದು ಅನ್ವಯಿಸುವುದಿಲ್ಲ. ಮೊದಲೇ ಟೈಪಾದ "ನೀವೇ ತಪಾಸಣೆ ಮಾಡಿ, ನನ್ನ ಒಪ್ಪಿಗೆ ಇದೆ" ಎಂಬ ಕಾಗದಕ್ಕೆ ಸಹಿ ಹಾಕಿದ ಹುಡುಗ, ತನಗೇನು ಹಕ್ಕಿತ್ತು ಎಂದು ತಿಳಿಯುವ ಮೊದಲೇ ಅದನ್ನು ಬಿಟ್ಟುಕೊಟ್ಟಿರುತ್ತಾನೆ.

ಬಂಧನದ ಕಾರಣ ತಿಳಿಸುವ ವಿಚಾರದಲ್ಲಂತೂ ಕಾನೂನು ಇತ್ತೀಚೆಗಷ್ಟೇ ರೂಪ ಪಡೆದಿದೆ. ನಟ ದರ್ಶನ್ ಆರೋಪಿಯಾಗಿರುವ ಕೊಲೆ ಪ್ರಕರಣ ಎಲ್ಲರಿಗೂ ಗೊತ್ತು. ಬಂಧನದ ಕಾರಣಗಳನ್ನು ಸರಿಯಾಗಿ ಕೊಟ್ಟಿಲ್ಲ ಎಂಬುದು ಕರ್ನಾಟಕ ಹೈಕೋರ್ಟ್ ಜಾಮೀನು ಕೊಡಲು ಒಂದು ಕಾರಣವಾಗಿತ್ತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಜಾಮೀನನ್ನು ರದ್ದು ಮಾಡಿತು: ಆರೋಪಿಗಳಿಗೆ ಮೊದಲಿನಿಂದಲೂ ವಕೀಲರಿದ್ದರು, ಜಾಮೀನು ಅರ್ಜಿಯನ್ನೂ ಬೇಗ ಹಾಕಿದ್ದರು, ಕಾರಣ ತಿಳಿಯದೆ ಅನ್ಯಾಯವಾಯಿತು ಎಂದು ತೋರಿಸಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮಿಹಿರ್ ಶಾ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟಿನ ಬೇರೆ ಪೀಠ, ಯಾವ ಅಪರಾಧವೇ ಇರಲಿ ಬಂಧನದ ಕಾರಣವನ್ನು ಬರಹದಲ್ಲಿ, ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ತಡವಾದರೂ ಮ್ಯಾಜಿಸ್ಟ್ರೇಟರ ಮುಂದೆ ತರುವ ಕನಿಷ್ಠ 2 ಗಂಟೆ ಮೊದಲು ಕೊಡಬೇಕು ಎಂದಿತು. ಎರಡನ್ನೂ ಸೇರಿಸಿ ಓದಿದರೆ ನಮಗೆ ಬೇಕಾದ್ದು ಸಿಗುತ್ತದೆ. ಮೊದಲ ರಿಮಾಂಡಿನ ದಿನ, "ಕಾರಣ ಬರಹದಲ್ಲಿ ಕೊಟ್ಟಿಲ್ಲ" ಅಥವಾ "ನನಗೆ ತಿಳಿಯದ ಭಾಷೆಯಲ್ಲಿ ಕೊಟ್ಟಿದ್ದಾರೆ" ಎಂದು ಆರೋಪಿಯೇ ಮ್ಯಾಜಿಸ್ಟ್ರೇಟರಿಗೆ ಬಾಯಿಬಿಟ್ಟು ಹೇಳಬೇಕು. ಆರು ತಿಂಗಳ ನಂತರ ಹೇಳಿದರೆ ಅದರ ತೂಕ ಬೇರೆ.

"ಒಪ್ಪಿಕೊಂಡು ದಂಡ ಕಟ್ಟಿಬಿಡು"

ಗಲಾಟೆ ಕೇಸು, ಪ್ರತಿಭಟನೆಯ ಕೇಸು, ಗಾಡಿ ತಾಗಿದ ಕೇಸು. ಹುಡುಗನಿಗೆ ಮುಂದಿನ ತಿಂಗಳು ದುಬೈಗೋ ದಮಾಮಿಗೋ ಹೋಗಬೇಕು. ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕು, ಅದಕ್ಕೆ ಅಲೆದಾಟ. ಆಗ ಬರುವ ಸಲಹೆ: "ತಪ್ಪೊಪ್ಪಿಕೋ ಮಾರಾಯ, ಸಾವಿರ ರೂಪಾಯಿ ದಂಡದಲ್ಲಿ ಮುಗೀತದೆ."

ಮುಗಿಯುವುದು ಕೇಸು ಮಾತ್ರ ಅಲ್ಲ, ಮೇಲ್ಮನವಿಯೂ ಮುಗಿಯುತ್ತದೆ. ತಪ್ಪೊಪ್ಪಿಕೊಂಡು ಶಿಕ್ಷೆಯಾದವರು "ನಾನು ಮಾಡಿಲ್ಲ" ಎಂದು ಅಪೀಲು ಹೋಗುವಂತಿಲ್ಲ. ಶಿಕ್ಷೆಯ ಪ್ರಮಾಣ ಅಥವಾ ಅದು ಕಾನೂನುಬದ್ಧವೇ ಎಂಬುದನ್ನು ಮಾತ್ರ ಪ್ರಶ್ನಿಸಬಹುದು. 'ಪ್ಲೀ ಬಾರ್ಗೇನಿಂಗ್' ಎಂಬ ಚೌಕಾಶಿ ಪದ್ಧತಿಯಲ್ಲಿ ಮುಗಿಸಿದರೆ ಅಷ್ಟೂ ಇಲ್ಲ, ರಿಟ್ ಮತ್ತು ಸುಪ್ರೀಂ ಕೋರ್ಟಿನ ವಿಶೇಷ ಅನುಮತಿಯ ದಾರಿ ಬಿಟ್ಟರೆ ಬಾಗಿಲು ಮುಚ್ಚಿತು. ದಂಡ ಚಿಕ್ಕದೇ ಇರಬಹುದು, ಆದರೆ ದಾಖಲೆಯಲ್ಲಿ ಅದು 'ಅಪರಾಧ ಸಾಬೀತು'. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುವ ಕಡೆ ಇದು ತಲೆ ಎತ್ತಬಹುದು. ಅಪಘಾತದ ಕೇಸಾದರೆ ತಪ್ಪೊಪ್ಪಿಗೆ ಪರಿಹಾರದ ಕೇಸಿನಲ್ಲೂ ಅವನ ವಿರುದ್ಧ ಸಾಕ್ಷ್ಯವಾಗಿ ಬರುತ್ತದೆ. ನಿಜವಾಗಿಯೂ ತಪ್ಪು ಮಾಡಿದ್ದರೆ ಒಪ್ಪಿಕೊಳ್ಳುವುದು ಬೇರೆ ವಿಷಯ. ವಿಮಾನದ ಟಿಕೆಟಿನ ತಾರೀಕು ನೋಡಿ ಒಪ್ಪಿಕೊಳ್ಳುವುದು ಬೇರೆ.

ಮೇಲ್ಮನವಿಗೆ ಬಂದಾಗ

ಕೆಳಗಿನ ಕೋರ್ಟಿನಲ್ಲಿ ನಡೆದ ಪ್ರತಿ ಲೋಪವೂ ಮೇಲಿನ ಕೋರ್ಟಿನಲ್ಲಿ ಬಿಡುಗಡೆಗೆ ದಾರಿಯಾಗುತ್ತದೆ ಎಂದು ಭಾವಿಸಿದವರಿಗೆ ಸುರಕ್ಷಾ ಸಂಹಿತೆಯ 511ನೇ ಕಲಂ (ಹಳೆಯ 465) ನಿರಾಸೆ ಮಾಡುತ್ತದೆ. ಲೋಪದಿಂದ ನ್ಯಾಯಕ್ಕೇ ಚ್ಯುತಿ ಬಂದಿರಬೇಕು. ಬಂದಿದೆಯೇ ಎಂದು ನೋಡುವಾಗ, ಈ ಆಕ್ಷೇಪವನ್ನು ಮುಂಚೆಯೇ ಎತ್ತಬಹುದಿತ್ತೇ, ಎತ್ತಬೇಕಿತ್ತೇ ಎಂಬುದನ್ನು ಕೋರ್ಟ್ ಗಮನಿಸಬೇಕೆಂದು ಕಲಂ ಹೇಳುತ್ತದೆ. ಬಳ್ಳಾರಿ ಅಕ್ರಮ ಗಣಿಗಾರಿಕೆಗೆ ಸಂಬಂಧಿಸಿದ ಪ್ರದೀಪ್ ಒಡೆಯರ್ ಪ್ರಕರಣದಲ್ಲಿ ವಿಶೇಷ ನ್ಯಾಯಾಧೀಶರು ಕ್ರಮ ತಪ್ಪಿ ಕೇಸು ಕೈಗೆತ್ತಿಕೊಂಡಿದ್ದರು. ಅದು ಕ್ರಮಲೋಪವೇ ಹೌದು, ಆದರೆ ಅದರಿಂದ ನ್ಯಾಯ ಕೆಟ್ಟಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಮುಂದುವರಿಸಿತು. ಅಮೆರಿಕದ ಪ್ರೊಸೀಜರಲ್ ಡಿಫಾಲ್ಟಿಗೆ ನಮ್ಮಲ್ಲಿ ತೀರ ಹತ್ತಿರದ ಸಂಬಂಧಿ ಇದೇ ಕಲಂ. ಸಾಕ್ಷಿಯನ್ನು ಪಾಟಿ ಸವಾಲು ಮಾಡದೆ ಬಿಟ್ಟದ್ದು, ದಾಖಲೆ ಗುರುತಿಸುವಾಗ ಸುಮ್ಮನಿದ್ದದ್ದು ಎಲ್ಲವೂ ಅಪೀಲಿನಲ್ಲಿ ಎದುರು ಬರುತ್ತವೆ. ಹಾಗಾಗಿ ವಿಚಾರಣೆಯ ದಿನಗಳಲ್ಲಿ ಮನೆಯವರೊಬ್ಬರು ಕೋರ್ಟಿನಲ್ಲಿ ಕೂತಿದ್ದು, ಸಂಜೆ ವಕೀಲರ ಹತ್ತಿರ "ಇವತ್ತು ಆ ಸಾಕ್ಷಿಯನ್ನು ಯಾಕೆ ಕೇಳಲಿಲ್ಲ ಸಾರ್?" ಎಂದು ವಿಚಾರಿಸುವುದು ಅಧಿಕಪ್ರಸಂಗ ಅಲ್ಲ.

ಅಪೀಲಿನ ಗಡುವಿನ ವಿಷಯದಲ್ಲಿ ಮಾತ್ರ ನಮ್ಮ ಕಾನೂನಿಗೆ ಕರುಣೆ ಇದೆ. ಹೈಕೋರ್ಟಿಗೆ 60 ದಿನ, ಮರಣದಂಡನೆಯಾಗಿದ್ದರೆ 30 ದಿನ, ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ 30 ದಿನ. ತಡವಾದರೆ ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. ಎನ್‌ಐಎ ಕೇಸುಗಳು ಬೇರೆ: ಅಲ್ಲಿ 30 ದಿನ, ಕಾರಣವಿದ್ದರೆ 90ರವರೆಗೆ ಎಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಮುಂದೆ ಮನ್ನಾ ಮಾಡಬಹುದೇ ಎಂಬ ಬಗ್ಗೆ ಹೈಕೋರ್ಟುಗಳೇ ಬೇರೆ ಬೇರೆ ಮಾತು ಹೇಳಿವೆ. ಆ ಜಗಳದ ಮಧ್ಯೆ ನಮ್ಮ ಮಗ ಸಿಕ್ಕಿಕೊಳ್ಳುವುದು ಬೇಡ, 30 ದಿನವನ್ನೇ ಕೊನೆ ಎಂದು ತಿಳಿಯಿರಿ.

ವಕೀಲರಿಗೆ ದುಡ್ಡು ಹೊಂದಿಸುವವರೆಗೆ ಕಾಯಬೇಕಿಲ್ಲ. ಜೈಲಿನಲ್ಲಿರುವವನು ಜೈಲಿನ ಅಧಿಕಾರಿಯ ಕೈಗೇ ಅಪೀಲು ಕೊಡಬಹುದು, ಅದನ್ನು ಮೇಲಿನ ಕೋರ್ಟಿಗೆ ಕಳಿಸುವುದು ಅವರ ಕೆಲಸ. ಕಣ್ಣೂರು ಸೆಂಟ್ರಲ್ ಜೈಲಿನಿಂದಲೂ ಆಗುತ್ತದೆ, ಪರಪ್ಪನ ಅಗ್ರಹಾರದಿಂದಲೂ ಆಗುತ್ತದೆ. ಇನ್ನು, ಸಿವಿಲ್ ಕೇಸಿನಲ್ಲಿ ವಕೀಲರು ಬಾರದಿದ್ದರೆ ಕೇಸು ವಜಾ ಆಗುವಂತೆ ಇಲ್ಲಿ ಆಗುವುದಿಲ್ಲ. ವಿಚಾರಣೆಗೆ ಅಂಗೀಕರಿಸಿದ ಕ್ರಿಮಿನಲ್ ಅಪೀಲನ್ನು ವಕೀಲರು ಗೈರು ಎಂಬ ಒಂದೇ ಕಾರಣಕ್ಕೆ ತೆಗೆದುಹಾಕುವಂತಿಲ್ಲ, ದಾಖಲೆ ನೋಡಿಯೇ ತೀರ್ಮಾನಿಸಬೇಕು ಎಂದು 1996ರಲ್ಲಿ ಬನಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿ ಜೈಲಿನಲ್ಲಿದ್ದು ತಾನೇ ಬರಲಾಗದಿದ್ದರೆ ಕೋರ್ಟ್ ದಿನ ಮುಂದೂಡಬಹುದು, ಸರಕಾರಿ ಖರ್ಚಿನಲ್ಲಿ ವಕೀಲರನ್ನು ನೇಮಿಸಬಹುದು. ಶಿಕ್ಷೆಯಾಗಿ ವರ್ಷಗಳಾಗಿವೆ, ಅಪೀಲು ಹಾಕಿಲ್ಲ ಎಂದು ಆಸೆ ಬಿಟ್ಟವರು ಇದ್ದರೆ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಬರೆಯಲಿ. ಎರ್ನಾಕುಳಂನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ.

ತೀರ್ಪು ಬಂದ ದಿನ ಎಲ್ಲರೂ ಅಳುತ್ತಿರುತ್ತಾರೆ, ಕಾಗದದ ಬಗ್ಗೆ ಯಾರಿಗೂ ಗಮನವಿರುವುದಿಲ್ಲ. ಜೈಲುಶಿಕ್ಷೆಯಾದರೆ ತೀರ್ಪಿನ ಪ್ರತಿ ಆರೋಪಿಗೆ ಆಗಲೇ ಉಚಿತವಾಗಿ ಸಿಗಬೇಕು, ಅದನ್ನು ಕೇಳಿ ಪಡೆಯಿರಿ. ಜತೆಗೆ ದೃಢೀಕೃತ ಪ್ರತಿಗೆ ವಕೀಲರು ಅರ್ಜಿ ಹಾಕಿದರೆ, ಆ ಪ್ರತಿ ಸಿದ್ಧವಾಗಲು ಹಿಡಿದ ದಿನಗಳು ಗಡುವಿನ ಲೆಕ್ಕದಿಂದ ಕಳೆಯುತ್ತವೆ. ಅರ್ಜಿ ಕೊಟ್ಟ ದಿನ, ಪ್ರತಿ ತಯಾರಾದ ದಿನ ಎರಡೂ ಪ್ರತಿಯ ಮೇಲಿನ ಮುದ್ರೆಯಲ್ಲಿ ಇರುತ್ತವೆ. ಅದರ ಒಂದು ಫೋಟೋ ತೆಗೆದು ಮನೆಯ ಇಬ್ಬರ ಫೋನಿನಲ್ಲಾದರೂ ಇಟ್ಟುಕೊಳ್ಳಿ.